ಬ್ಯಾಗ್ ಕಾಣೆಯಾಗಿದೆ, ಪಕ್ಕದಲ್ಲಿ ಕುಳಿತಿದ್ದವರ ಫೋಟೋ ನನ್ನ ಬಳಿ ಇದೆ: ಹಾಕಲೇ, ಬೇಡವೇ?

ಪ್ರಶ್ನೆ: ನಾಲ್ಕು ದಿನಗಳ ಹಿಂದೆ ರೈಲು ನಿಲ್ದಾಣದ ವೇಟಿಂಗ್ ಹಾಲ್‌ನಲ್ಲಿ ನನ್ನ ಬೂದು ಬಣ್ಣದ ಲ್ಯಾಪ್‌ಟಾಪ್ ಬ್ಯಾಗ್ ಕಾಣೆಯಾಯಿತು. ಅದರಲ್ಲಿ ಲ್ಯಾಪ್‌ಟಾಪ್, ತೀರಿಕೊಂಡ ನನ್ನ ತಂದೆಯವರ ಕೈಗಡಿಯಾರ ಮತ್ತು ಕೆಲವು ಮೂಲ ದಾಖಲೆಗಳಿದ್ದವು. ಪಕ್ಕದ ಕುರ್ಚಿಯಲ್ಲಿ ಐವತ್ತರ ಆಸುಪಾಸಿನ ಒಬ್ಬರು ಕುಳಿತಿದ್ದರು. ಅವರು ಎರಡು ಮೂರು ಸಲ ನನ್ನ ಬ್ಯಾಗಿನ ಕಡೆ ನೋಡಿದ್ದು ಚೆನ್ನಾಗಿ ನೆನಪಿದೆ. ಮಗಳನ್ನು ಕರೆದುಕೊಂಡು ನೀರು ತುಂಬಿಸಿಕೊಂಡು ಬರಲು ಹೋದವಳು ಐದು ನಿಮಿಷಕ್ಕೆ ಹಿಂತಿರುಗಿದಾಗ ಬ್ಯಾಗೂ ಇರಲಿಲ್ಲ, ಅವರೂ ಇರಲಿಲ್ಲ. ಅದಕ್ಕೆ ಮೊದಲು ಮಗಳ ಫೋಟೋ ತೆಗೆದಿದ್ದೆ. ಅದರ ಹಿನ್ನೆಲೆಯಲ್ಲಿ ಅವರ ಮುಖ ಸ್ಪಷ್ಟವಾಗಿ ಬಿದ್ದಿದೆ. ರೈಲ್ವೆ ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ಇದುವರೆಗೆ ಏನೂ ಆಗಿಲ್ಲ. ‘ಈ ಕಳ್ಳನನ್ನು ಗುರುತಿಸಿ, ಶೇರ್ ಮಾಡಿ’ ಎಂದು ಬರೆದು ಫೇಸ್‌ಬುಕ್‌ಗೆ ಹಾಕಲು ಸಿದ್ಧ ಮಾಡಿಟ್ಟುಕೊಂಡಿದ್ದೇನೆ. ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೆ ಆಗಲೇ ಹಾಕಿಯೂ ಆಗಿದೆ. ಗೆಳತಿಯರು ‘ಇನ್ನೂ ಯಾಕೆ ಕಾಯ್ತೀಯ’ ಎನ್ನುತ್ತಾರೆ. ನಮ್ಮ ಯಜಮಾನರು ‘ಅವರೇ ಅಂತ ನಿನಗೆ ಹೇಗೆ ಗೊತ್ತು’ ಎಂದು ತಡೆಯುತ್ತಿದ್ದಾರೆ. ಸುಮ್ಮನಿದ್ದರೆ ಕಳ್ಳನಿಗೆ ನಾನೇ ದಾರಿ ಬಿಟ್ಟುಕೊಟ್ಟಂತಾಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಒಂದರೊಳಗೊಂದು ಸೇರಿಕೊಂಡಿವೆ. ಬ್ಯಾಗ್ ಸಿಗಬೇಕು, ಅದರಲ್ಲೂ ಆ ಗಡಿಯಾರ ಸಿಗಬೇಕು ಎಂಬುದು ಒಂದು. ಮೋಸ ಹೋದೆ, ಅದಕ್ಕೆ ಯಾರಾದರೂ ಉತ್ತರ ಹೇಳಬೇಕು ಎಂಬುದು ಇನ್ನೊಂದು. ಎರಡೂ ನ್ಯಾಯವಾದವೇ. ಆದರೆ ಮೊದಲನೆಯದಕ್ಕೆ ಬೇಕಾದ ಕೆಲಸಗಳು ಬೇರೆ, ಎರಡನೆಯದು ನಿಮ್ಮಿಂದ ಮಾಡಿಸಲು ಹೊರಟಿರುವ ಕೆಲಸವೇ ಬೇರೆ. ಜಗಳಗಳ ಮಧ್ಯಸ್ಥಿಕೆ ಮತ್ತು ಆಪ್ತಸಮಾಲೋಚನೆಯ ಕೆಲಸದಲ್ಲಿ ನನ್ನ ಮುಂದೆ ಕುಳಿತವರಲ್ಲಿ ಆರೋಪ ಮಾಡಿದವರೂ ಇದ್ದಾರೆ, ಆರೋಪಕ್ಕೆ ಗುರಿಯಾದವರೂ ಇದ್ದಾರೆ. ಸುಳ್ಳು ಹೇಳಬೇಕೆಂದೇ ಆರೋಪ ಹೊರಿಸಿದವರು ನಾನು ಕಂಡಂತೆ ಬಹಳ ಕಡಿಮೆ. ಹೆಚ್ಚಿನವರು ನಿಮ್ಮಂತೆಯೇ ನಿಜವಾಗಿ ಏನನ್ನೋ ಕಳೆದುಕೊಂಡವರು, ತಾವು ಕಂಡದ್ದನ್ನು ಪೂರ್ತಿಯಾಗಿ ನಂಬಿದವರು.

ನೀವು ಕಂಡದ್ದೇನು ಎಂಬುದನ್ನು ಮೊದಲು ಬಿಡಿಸಿ ನೋಡೋಣ. ಆ ವ್ಯಕ್ತಿ ನಿಮ್ಮ ಬ್ಯಾಗನ್ನು ಎತ್ತಿಕೊಂಡದ್ದನ್ನು ನೀವು ನೋಡಿಲ್ಲ. ನೋಡಿದ್ದು ಅದರ ಅಕ್ಕಪಕ್ಕವನ್ನು: ಮೊದಲು ಒಂದು ನೋಟ, ಆಮೇಲೆ ಒಂದು ಖಾಲಿ ಕುರ್ಚಿ. ನಡುವಿನ ಐದು ನಿಮಿಷವನ್ನು ನಿಮ್ಮ ಮನಸ್ಸು ತುಂಬಿಕೊಂಡಿದೆ. ರೈಲು ಬಂದು ಅವರು ಎದ್ದು ಹೋಗಿರಬಹುದು. ಆ ಕುರ್ಚಿಗೆ ಇನ್ನೊಬ್ಬರು ಬಂದು ಕುಳಿತು ಎದ್ದಿರಬಹುದು. ಗುಡಿಸುವವರು ವಾರಸುದಾರರಿಲ್ಲದ ಬ್ಯಾಗ್ ಎಂದು ಒಳಗೆ ಕೊಟ್ಟಿರಬಹುದು. ಅಂಥದ್ದೇ ಬೂದು ಬ್ಯಾಗ್ ಹೊಂದಿದ್ದವರು ಅವಸರದಲ್ಲಿ ಅದಲುಬದಲು ಮಾಡಿಕೊಂಡಿರಬಹುದು. ಅವರೇ ತೆಗೆದುಕೊಂಡಿರಲೂಬಹುದು, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಹಾಲ್‌ನಲ್ಲಿದ್ದ ಅಷ್ಟೂ ಜನರಲ್ಲಿ ಅವರೊಬ್ಬರೇ ನಿಮ್ಮ ಕಣ್ಣಿಗೆ ಬೀಳಲು ಕಾರಣ ಅವರ ನಡತೆಯಲ್ಲ, ಅವರು ಕುಳಿತಿದ್ದ ಜಾಗ. ನೀವು ಇನ್ನೊಂದು ಸಾಲಿನಲ್ಲಿ ಕುಳಿತಿದ್ದರೆ ನಿಮ್ಮ ಫೋಟೋದ ಹಿನ್ನೆಲೆಗೆ ಬೇರೆಯವರ ಮುಖ ಬೀಳುತ್ತಿತ್ತು, ಬಹುಶಃ ಈ ಪ್ರಶ್ನೆಯಲ್ಲಿ ಅವರ ವಿಷಯವೇ ಇರುತ್ತಿತ್ತು.

‘ಎರಡು ಮೂರು ಸಲ ಬ್ಯಾಗಿನ ಕಡೆ ನೋಡಿದರು’ ಎಂದಿದ್ದೀರಿ. ಈ ನೆನಪು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಬ್ಯಾಗ್ ಕಳೆಯದೇ ಇದ್ದಿದ್ದರೆ ಆ ನೋಟ ನಿಮಗೆ ನೆನಪಿರುತ್ತಿತ್ತೇ ಎಂದು ಕೇಳಿಕೊಳ್ಳಿ. ಕಾಯುತ್ತ ಕುಳಿತವರ ಕಣ್ಣು ಸುತ್ತಲಿನ ಎಲ್ಲದರ ಮೇಲೂ ಓಡಾಡುತ್ತದೆ. ನಷ್ಟವಾದ ಮೇಲೆ ಅದರಲ್ಲಿ ಒಂದು ನೋಟ ಮಾತ್ರ ಅರ್ಥ ಪಡೆದುಕೊಂಡು ನಮ್ಮೊಳಗೆ ಗಟ್ಟಿಯಾಗುತ್ತದೆ. ಇದಕ್ಕೆ ನಾವು ಬಳಸುವ ಪದಗಳೂ ಸೇರಿಕೊಳ್ಳುತ್ತವೆ. ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಣ ತೋರಿಸಿ, ಕೆಲವರಿಗೆ ಕಾರುಗಳು ‘ತಾಗಿದಾಗ’ ಎಷ್ಟು ವೇಗದಲ್ಲಿದ್ದವು ಎಂದೂ, ಇನ್ನು ಕೆಲವರಿಗೆ ‘ನುಚ್ಚುನೂರಾಗುವಂತೆ ಗುದ್ದಿಕೊಂಡಾಗ’ ಎಷ್ಟು ವೇಗವಿತ್ತು ಎಂದೂ ಕೇಳಿದರು. ಎರಡನೆಯ ಮಾತು ಕೇಳಿದವರು ಹೆಚ್ಚು ವೇಗ ಹೇಳಿದರು. ಅಷ್ಟೇ ಆಗಿದ್ದರೆ ಅದು ಅಂದಾಜಿನ ವ್ಯತ್ಯಾಸ ಎನ್ನಬಹುದಿತ್ತು. ಮುಂದಿನ ಪ್ರಯೋಗದಲ್ಲಿ ಒಂದು ವಾರ ಬಿಟ್ಟು ಕರೆದು ವಿಚಾರಿಸಿದಾಗ, ‘ಗುದ್ದಿಕೊಂಡಾಗ’ ಎಂಬ ಪದ ಕೇಳಿದ್ದ 50 ಜನರಲ್ಲಿ 16 ಮಂದಿ ಒಡೆದ ಗಾಜನ್ನು ಕಂಡದ್ದಾಗಿ ಹೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ನೀವು ನಾಲ್ಕು ದಿನದಿಂದ ಆ ವ್ಯಕ್ತಿಯನ್ನು ಮನಸ್ಸಿನಲ್ಲಿ ‘ಕಳ್ಳ’ ಎಂಬ ಪದದಿಂದಲೇ ಕರೆಯುತ್ತಿದ್ದೀರಿ. ಆ ಪದ ನಿಮ್ಮ ನೆನಪಿನ ಮೇಲೆ ಎಷ್ಟು ಕೆಲಸ ಮಾಡಿದೆಯೋ ನಿಮಗೂ ತಿಳಿಯದು, ನನಗೂ ತಿಳಿಯದು.

ಇಂಥ ಸಂದರ್ಭಗಳಲ್ಲಿ ನಾನು ಪದೇ ಪದೇ ಕೇಳುವ ಕೆಲವು ನಂಬಿಕೆಗಳಿವೆ. ‘ಮುಖ ನೋಡಿದರೇ ಗೊತ್ತಾಗುತ್ತದೆ’ ಎನ್ನುವುದು ಅದರಲ್ಲಿ ಮೊದಲನೆಯದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ಹೆಗಲು ಮುಟ್ಟಿಕೊಂಡವನೇ ಕಳ್ಳ ಎಂಬುದು ನಮಗೆ ಸಾಬೀತಾದ ಸಂಗತಿಯಂತಾಗಿದೆ. ನಾನು ಕಂಡಂತೆ ಗುಂಪಿನ ನಡುವೆ ಆ ಮಾತು ಕೇಳಿದ ತಕ್ಷಣ ನಿರಪರಾಧಿಯೂ ಹೆಗಲು ಮುಟ್ಟಿಕೊಳ್ಳುತ್ತಾನೆ. ಗಾಬರಿಯಾಗಲು ತಪ್ಪು ಮಾಡಿರಬೇಕಿಲ್ಲ, ತಪ್ಪು ಹೊರಿಸುತ್ತಾರೆ ಎಂಬ ಭಯವೊಂದೇ ಸಾಕು. ಮನೋವಿಜ್ಞಾನಿಗಳಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡೆಪಾಲೊ 2006ರಲ್ಲಿ, ಸುಳ್ಳನ್ನು ಪತ್ತೆಹಚ್ಚುವ ಬಗ್ಗೆ ನಡೆದ ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಎದುರಿಗಿರುವವರು ನಿಜ ಹೇಳುತ್ತಿದ್ದಾರೋ ಸುಳ್ಳೋ ಎಂದು ಬೇರೆ ಯಾವ ನೆರವೂ ಇಲ್ಲದೆ ತೀರ್ಮಾನಿಸಿದವರು ಸರಿಯಾಗಿದ್ದದ್ದು ಸರಾಸರಿ ನೂರಕ್ಕೆ 54 ಬಾರಿ. ನಾಣ್ಯ ಚಿಮ್ಮಿದರೂ 50 ಬರುತ್ತದೆ.

ಎರಡನೆಯ ನಂಬಿಕೆ, ‘ತಪ್ಪು ಮಾಡಿಲ್ಲದಿದ್ದರೆ ಅವರಿಗೇನು ಭಯ, ಮುಂದೆ ಬಂದು ಹೇಳಲಿ’ ಎನ್ನುವುದು. ಇದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ತಾನು ತೆಗೆದುಕೊಂಡಿಲ್ಲ ಎಂಬುದನ್ನು ಅವರು ಯಾರ ಮುಂದೆ, ಏನನ್ನು ತೋರಿಸಿ ಹೇಳಬೇಕು? ಮಾಡಿದ್ದಕ್ಕೆ ಗುರುತು ಉಳಿಯುತ್ತದೆ, ಮಾಡದಿದ್ದಕ್ಕೆ ಉಳಿಯುವುದಿಲ್ಲ. ಆದ್ದರಿಂದಲೇ ಸಾಬೀತುಪಡಿಸುವ ಹೊರೆ ಆರೋಪಿಸಿದವರ ಮೇಲಿರಬೇಕು, ಇನ್ನೊಂದು ಪಕ್ಷದ ಮಾತನ್ನೂ ಕೇಳಿಯೇ ತೀರ್ಪು ಕೊಡಬೇಕು ಎಂಬ ನಿಯಮಗಳು ನ್ಯಾಯಾಲಯಗಳಲ್ಲಿ ಬೇರೂರಿರುವುದು.

ಮೂರನೆಯದು, ‘ತಪ್ಪಾದರೆ ಡಿಲೀಟ್ ಮಾಡಿದರಾಯಿತು’. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಬಳಿ ಬರುವ ಪ್ರಕರಣಗಳಲ್ಲಿ ಅತಿ ಹೆಚ್ಚು ಹಾನಿ ಮಾಡಿರುವುದು ಇದೇ.

1996ರ ಜುಲೈ 27ರಂದು ಅಟ್ಲಾಂಟಾ ಒಲಿಂಪಿಕ್ಸ್ ನಡೆಯುತ್ತಿದ್ದಾಗ ಅಲ್ಲಿನ ಉದ್ಯಾನವೊಂದರಲ್ಲಿ ರಿಚರ್ಡ್ ಜುವೆಲ್ ಎಂಬ ಭದ್ರತಾ ಸಿಬ್ಬಂದಿ ಬೆಂಚಿನ ಕೆಳಗಿದ್ದ ಒಂದು ಬೆನ್ನುಚೀಲವನ್ನು ಗಮನಿಸಿ ಪೊಲೀಸರಿಗೆ ತಿಳಿಸಿದರು, ಜನರನ್ನು ದೂರ ಕಳಿಸಲು ನೆರವಾದರು. ಬಾಂಬು ಸಿಡಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಆದರೂ ಅವರಿಂದಾಗಿ ಎಷ್ಟೋ ಜೀವ ಉಳಿಯಿತು. ಮೂರೇ ದಿನಗಳಲ್ಲಿ ಅವರೇ ಶಂಕಿತರು ಎಂಬ ಸುದ್ದಿ ಪತ್ರಿಕೆಗೆ ಬಂತು. ಚೀಲ ಮೊದಲು ಕಂಡದ್ದು ಅವರಿಗೇ ತಾನೇ, ಹಾಗಾದರೆ ಇಟ್ಟದ್ದೂ ಅವರೇ ಇರಬೇಕು ಎಂಬ ತರ್ಕ ಜನರಿಗೆ ಎಷ್ಟು ಸಹಜವಾಗಿ ಕಂಡಿತೆಂದರೆ, ಅವರ ಮನೆಯ ಮುಂದೆ ಕ್ಯಾಮೆರಾಗಳು ಬೀಡುಬಿಟ್ಟವು. 88 ದಿನಗಳ ಬಳಿಕ, ಅಕ್ಟೋಬರ್‌ನಲ್ಲಿ, ಅವರು ತನಿಖೆಯ ಗುರಿಯಲ್ಲ ಎಂದು ಸರ್ಕಾರಿ ವಕೀಲರು ಪತ್ರ ಕೊಟ್ಟರು. ನಿಜವಾಗಿ ಬಾಂಬ್ ಇಟ್ಟಿದ್ದ ಎರಿಕ್ ರುಡಾಲ್ಫ್ ತಪ್ಪೊಪ್ಪಿಕೊಂಡದ್ದು 2005ರಲ್ಲಿ. ಎರಡು ವರ್ಷದ ನಂತರ ಜುವೆಲ್ 44ನೇ ವಯಸ್ಸಿನಲ್ಲಿ ತೀರಿಕೊಂಡರು. ನಿಮ್ಮ ಬ್ಯಾಗಿಗೂ ಬಾಂಬಿಗೂ ಹೋಲಿಕೆ ಮಾಡುತ್ತಿಲ್ಲ. ‘ಹತ್ತಿರ ಇದ್ದವರು’ ಎಂಬುದು ‘ಮಾಡಿದವರು’ ಎಂದಾಗಿ ಬದಲಾಗಲು ಎಷ್ಟು ಕಡಿಮೆ ಹೊತ್ತು ಸಾಕು, ಅದನ್ನು ಹಿಂದಕ್ಕೆ ತಿರುಗಿಸಲು ಎಷ್ಟು ಕಾಲ ಬೇಕು ಎಂಬುದನ್ನಷ್ಟೇ ನೋಡಿ.

ಇನ್ನು ನನ್ನದೇ ಕಡತದಿಂದ ಒಂದು, ಗುರುತು ಸಿಗದಂತೆ ಹೇಳುತ್ತೇನೆ. ಒಂದು ವಸತಿ ಸಮುಚ್ಚಯದಲ್ಲಿ ಬಾಗಿಲ ಬಳಿ ಇಟ್ಟಿದ್ದ ಪಾರ್ಸೆಲ್ ಕಾಣೆಯಾಯಿತು. ಅದನ್ನು ತಂದುಕೊಟ್ಟ ಹುಡುಗ ಮೆಟ್ಟಿಲ ಬಳಿ ಕೆಲವು ನಿಮಿಷ ನಿಂತಿದ್ದ ಎಂಬ ಒಂದೇ ಕಾರಣಕ್ಕೆ, ಕ್ಯಾಮೆರಾದಲ್ಲಿ ಸಿಕ್ಕ ಅವನ ಚಿತ್ರ ನಿವಾಸಿಗಳ ಗುಂಪಿಗೆ ಬಂತು. ಮೂರು ಗಂಟೆಯ ನಂತರ ಪಾರ್ಸೆಲ್ ಸಿಕ್ಕಿತು; ಮಳೆ ಬರುವಂತಿದೆ ಎಂದು ಅವನೇ ಅದನ್ನು ಚಪ್ಪಲಿ ಗೂಡಿನ ಹಿಂದೆ ಸರಿಸಿ, ಅದನ್ನು ತಿಳಿಸಲು ಫೋನಿನಲ್ಲಿ ಸಂದೇಶ ಬರೆಯುತ್ತ ನಿಂತಿದ್ದ. ಸಂದೇಶ ಹೋಗಿತ್ತು, ಮನೆಯವರು ತೆರೆದಿರಲಿಲ್ಲ. ಫೋಟೋ ಹಾಕಿದವರು ಒಳ್ಳೆಯ ಮನುಷ್ಯರು, ತಕ್ಷಣ ಅಳಿಸಿದರು, ಅವನನ್ನು ಕರೆಸಿ ಕ್ಷಮೆಯನ್ನೂ ಕೇಳಿದರು. ಆದರೆ ಅಷ್ಟರಲ್ಲಿ ಚಿತ್ರ ಬೇರೆ ಮೂರು ಗುಂಪುಗಳಿಗೆ ದಾಟಿತ್ತು. ಎರಡು ವಾರ ಕಳೆದರೂ ಒಂದು ಗೇಟಿನಲ್ಲಿ ಅವನನ್ನು ತಡೆದು ಚೀಲ ಬಿಚ್ಚಿಸುತ್ತಿದ್ದರು, ಅಲ್ಲಿನ ಕಾವಲುಗಾರನಿಗೆ ಮೊದಲ ಸಂದೇಶ ತಲುಪಿತ್ತು, ಎರಡನೆಯದು ತಲುಪಿರಲಿಲ್ಲ. ನನ್ನೆದುರು ಕುಳಿತಾಗ ಆ ಹುಡುಗನಿಗೆ ಫೋಟೋ ಹಾಕಿದವರ ಮೇಲೆ ಅಷ್ಟೇನೂ ಸಿಟ್ಟಿರಲಿಲ್ಲ. ಯಾರು ಯಾರು ನೋಡಿದ್ದಾರೆ ಎಂಬುದು ತಿಳಿಯದ ಕಾರಣ ಎದುರಿಗೆ ಬಂದ ಪ್ರತಿಯೊಬ್ಬರ ಮುಖವನ್ನೂ ಅವನು ಓದಬೇಕಾಗಿ ಬಂದಿತ್ತು, ಅವನು ಹೇಳಿಕೊಂಡದ್ದು ಆ ಆಯಾಸವನ್ನು.

ಹಾಗಾದರೆ ಸಂದೇಹದ ಲಾಭ ಕೊಡುವುದೆಂದರೆ ಅವರನ್ನು ನಂಬಿಬಿಡುವುದೇ? ಅಲ್ಲ. ನೀವು ಅನುಮಾನವನ್ನು ಅದುಮಿಡಬೇಕಿಲ್ಲ, ಅವರು ಸಭ್ಯರು ಎಂದು ಊಹಿಸಿಕೊಳ್ಳಲೂ ಬೇಕಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನೀವು ಪ್ರತ್ಯಕ್ಷವನ್ನೂ ಕಂಡಿಲ್ಲ, ಆದ್ದರಿಂದ ತೀರ್ಪನ್ನು ಮಾತ್ರ ತಡೆಹಿಡಿದು ಹುಡುಕಾಟವನ್ನು ಚುರುಕುಗೊಳಿಸಿ. ನಿಮ್ಮ ಅನುಮಾನವನ್ನು ಪರೀಕ್ಷಿಸಲು ಅಧಿಕಾರ ಮತ್ತು ಸಾಧನ ಎರಡೂ ಇರುವವರ ಕೈಗೆ ಅದನ್ನು ಪೂರ್ತಿಯಾಗಿ ಕೊಡಿ. ಪರೀಕ್ಷಿಸಲು ಯಾವ ದಾರಿಯೂ ಇಲ್ಲದ, ನಂಬಲು ಮಾತ್ರ ಸಾಧ್ಯವಿರುವ ಸಾವಿರ ಜನರಿಗೆ ಕೊಡಬೇಡಿ.

ಇದಕ್ಕೆ ಅಪವಾದಗಳಿವೆ, ಅವನ್ನು ಹೇಳದೆ ಮುಂದೆ ಹೋದರೆ ನನ್ನ ಮಾತನ್ನು ಯಾರದೋ ಬಾಯಿ ಮುಚ್ಚಿಸಲು ಬಳಸಿಯಾರು. ಯಾರಿಗಾದರೂ ಆ ಕ್ಷಣವೇ ಅಪಾಯವಿದ್ದರೆ ಕೂಗಿ ಜನ ಸೇರಿಸಬೇಕು, ವಿಚಾರಣೆಗೆ ಅದು ಹೊತ್ತಲ್ಲ. ಹಾಗೆಯೇ ಒಬ್ಬರು ತಮ್ಮ ಮೇಲೆಯೇ ನಡೆದ ದೌರ್ಜನ್ಯವನ್ನು, ಯಾರು ಮಾಡಿದ್ದೆಂದು ನೇರವಾಗಿ ತಿಳಿದು, ದೂರಿನ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಹೊರಗೆ ಹೇಳುವುದು ಬೇರೆಯದೇ ವಿಷಯ. ಅವರು ಕೃತ್ಯವನ್ನೇ ಅನುಭವಿಸಿದವರು, ಊಹಿಸಿದವರಲ್ಲ. ನಿಮ್ಮ ಪ್ರಸಂಗ ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಮುಖವಿರುವ ಫೋಟೋವನ್ನು ‘ಕಳ್ಳ’ ಎಂಬ ಪದದೊಂದಿಗೆ ಹಾಕುವುದರಿಂದ ಏನೂ ಲಾಭವಿಲ್ಲ ಎಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಕೆಲವೊಮ್ಮೆ ಹಾಗೆ ವಸ್ತುಗಳು ಸಿಕ್ಕಿವೆ. ಆದರೆ ಅವರು ನಿರಪರಾಧಿಯಾಗಿದ್ದರೆ ಆಗುವ ಹಾನಿಗೆ ನೀವೇ ಹೊಣೆ. ಮಾನಹಾನಿಯ ಕಾನೂನು ಬಹುಪಾಲು ದೇಶಗಳಲ್ಲಿದೆ, ‘ಅನುಮಾನವಷ್ಟೇ’ ಎಂದು ಕೊನೆಗೆ ಸೇರಿಸಿದ ಮಾತ್ರಕ್ಕೆ ಅದರಿಂದ ರಕ್ಷಣೆ ಸಿಗುತ್ತದೆಂದು ನಂಬಬೇಡಿ. ಅವರು ಅಪರಾಧಿಯೇ ಆಗಿದ್ದರೂ ಲೆಕ್ಕ ನಿಮ್ಮ ಪರವಾಗಿಲ್ಲ: ತನ್ನ ಮುಖ ಓಡಾಡುತ್ತಿದೆ ಎಂದು ತಿಳಿದ ಕಳ್ಳ ಮೊದಲು ಮಾಡುವ ಕೆಲಸ ಕೈಯಲ್ಲಿರುವ ವಸ್ತುವನ್ನು ಸಾಗಹಾಕುವುದು. ಹಣ ಬರುವ ಲ್ಯಾಪ್‌ಟಾಪ್ ಎಲ್ಲಾದರೂ ಉಳಿದೀತು, ಹಳೆಯ ಗಡಿಯಾರ ಮತ್ತು ಕಾಗದಗಳು ಯಾವುದೋ ಚರಂಡಿ ಸೇರಬಹುದು.

ಅದೇ ಫೋಟೋವನ್ನು ‘ಇವರು ಯಾರೆಂದು ತಿಳಿದರೆ ಹೇಳಿ, ಸಾಕ್ಷಿಯಾಗಿ ಮಾತನಾಡಿಸಬೇಕಿದೆ’ ಎಂದು ಮೃದುವಾಗಿ ಹಾಕಬಹುದಲ್ಲ ಎಂದು ನೀವು ಕೇಳಬಹುದು, ಹಲವರು ಕೇಳಿದ್ದಾರೆ. ನಿಮ್ಮ ಒಕ್ಕಣೆ ಎರಡನೆಯ ಕೈಯವರೆಗೆ ಉಳಿಯುತ್ತದೆ. ಮೂರನೆಯ ಕೈಯಲ್ಲಿ ಚಿತ್ರ ಮಾತ್ರ ಉಳಿದು ಪದ ಬದಲಾಗಿರುತ್ತದೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಂತರ್ಜಾಲದಲ್ಲಿ ಜನರೇ ಸೇರಿ ಫೋಟೋಗಳಲ್ಲಿದ್ದ ಚೀಲ ಹೊತ್ತವರನ್ನು ಗುರುತಿಸಲು ಹೊರಟಾಗ ಆದದ್ದೂ ಇದೇ. ಸಂಬಂಧವೇ ಇಲ್ಲದವರ ಹೆಸರುಗಳು ಹೊರಬಂದವು, ಮಗ ಕಾಣೆಯಾಗಿದ್ದಾನೆಂದು ಹುಡುಕುತ್ತಿದ್ದ ಒಂದು ಕುಟುಂಬಕ್ಕೆ ಬೈಗುಳದ ಕರೆಗಳು ಹೋದವು. ಆದ್ದರಿಂದ ಈ ನಡುದಾರಿಯನ್ನು ನಾನು ಒಪ್ಪುವುದಿಲ್ಲ.

ನಾನು ಹೇಳುವುದು ವಸ್ತುವನ್ನು ಪ್ರಚಾರ ಮಾಡಿ, ವ್ಯಕ್ತಿಯನ್ನು ಬೇಡ ಎಂದು. ಬ್ಯಾಗಿನ ಬಣ್ಣ, ಅಳತೆ, ಜಿಪ್ಪಿನ ಗುರುತು, ಕಳೆದ ದಿನ, ಹೊತ್ತು, ಯಾವ ಪ್ಲಾಟ್‌ಫಾರಂ ಕಡೆಯ ಹಾಲ್, ಇಷ್ಟನ್ನು ಬರೆಯಿರಿ. ಗಡಿಯಾರದ ಹಿಂಬದಿಯ ಗುರುತಿನಂಥ ಒಂದು ವಿವರವನ್ನು ಮಾತ್ರ ನಿಮ್ಮಲ್ಲೇ ಇಟ್ಟುಕೊಳ್ಳಿ, ಸಿಕ್ಕಿದೆ ಎಂದು ಕರೆ ಮಾಡುವವರನ್ನು ಪರೀಕ್ಷಿಸಲು ಅದು ಬೇಕಾಗುತ್ತದೆ. ‘ನಿಮ್ಮ ಸಾಮಾನಿನ ಜೊತೆ ತಪ್ಪಿ ಬಂದಿದ್ದರೆ ದಯವಿಟ್ಟು ತಿಳಿಸಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ’ ಎಂಬ ಒಂದು ಸಾಲು ಇರಲಿ. ಈ ಸಾಲು ತಪ್ಪಿ ಒಯ್ದವರಿಗೆ ಮಾತ್ರ ಉಪಯೋಗವೆಂದು ತಿಳಿಯಬೇಡಿ. ಬೇಕೆಂದೇ ಒಯ್ದವರಿಗೂ ಅದು ಮರ್ಯಾದೆಯಿಂದ ಹಿಂತಿರುಗಿಸಲು ಒಂದು ಬಾಗಿಲು. ಮಧ್ಯಸ್ಥಿಕೆಯಲ್ಲಿ ನಾನು ಕಂಡಂತೆ, ತಪ್ಪೊಪ್ಪಿಕೊಳ್ಳದೆಯೇ ವಸ್ತು ಹಿಂತಿರುಗಿಸಬಹುದಾದ ದಾರಿ ಇದ್ದಾಗ ವಸ್ತುಗಳು ಹಿಂತಿರುಗುತ್ತವೆ. ಮುಂದೆಂದಾದರೂ ಆ ವ್ಯಕ್ತಿಯೇ ಎದುರಾದರೂ ಹೀಗೆಯೇ ಕೇಳಿ: ‘ಅವತ್ತು ಹಾಲ್‌ನಲ್ಲಿ ನೀವು ನಮ್ಮ ಪಕ್ಕದಲ್ಲಿದ್ದಿರಿ, ನನ್ನ ಬ್ಯಾಗ್ ಯಾರಾದರೂ ಎತ್ತಿಕೊಂಡದ್ದು ನೋಡಿದ್ದೀರಾ?’ ಅವರು ನಿರಪರಾಧಿಯಾಗಿದ್ದರೆ ನಿಮಗೆ ಸಿಗುವ ಅತ್ಯುತ್ತಮ ಸಾಕ್ಷಿ ಅವರೇ; ‘ಕಳ್ಳ’ ಎಂದು ಕರೆಸಿಕೊಂಡವರು ಸಾಕ್ಷಿ ಹೇಳಲು ಬರುವುದಿಲ್ಲ.

ಇವತ್ತೇ ಆಗಬೇಕಾದ ಕೆಲಸ ಬೇರೆ ಇದೆ. ನಿಲ್ದಾಣಗಳ ಸಿಸಿಟಿವಿ ದೃಶ್ಯಗಳನ್ನು ಸಾಮಾನ್ಯವಾಗಿ ಸೀಮಿತ ಅವಧಿಯವರೆಗೆ ಮಾತ್ರ ಇಟ್ಟುಕೊಂಡು, ಆಮೇಲೆ ಅದರ ಮೇಲೆಯೇ ಹೊಸದನ್ನು ದಾಖಲಿಸುತ್ತಾರೆ. ಆದ್ದರಿಂದ ನೀವು ನೀರಿಗೆ ಹೋದ ಹತ್ತು ನಿಮಿಷ ಹಿಂದಿನಿಂದ ಅರ್ಧ ಗಂಟೆ ಮುಂದಿನವರೆಗಿನ ದೃಶ್ಯವನ್ನು ಉಳಿಸಿಡುವಂತೆ ಪೊಲೀಸರಿಗೂ ನಿಲ್ದಾಣದ ಅಧಿಕಾರಿಗಳಿಗೂ ಬರಹದಲ್ಲಿ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಡಬ್ಬದ ಮೇಲೋ ಬಿಲ್ಲಿನಲ್ಲೋ ಇರುತ್ತದೆ, ಅದನ್ನು ದೂರಿಗೆ ಸೇರಿಸಿ. ಪಾಸ್‌ವರ್ಡ್‌ಗಳನ್ನು ಬದಲಿಸಿ, ದೂರದಿಂದ ಲಾಕ್ ಮಾಡುವ ಸೌಲಭ್ಯವಿದ್ದರೆ ಬಳಸಿ. ಕಳೆದುಹೋದ ವಸ್ತುಗಳ ವಿಭಾಗಕ್ಕೆ ಒಮ್ಮೆಯಲ್ಲ, ಎರಡು ಮೂರು ಬಾರಿ ಹೋಗಿ ಬನ್ನಿ. ನನ್ನ ಅನುಭವದಲ್ಲಿ ಕಳುವಾಯಿತೆಂದು ತಿಳಿದ ಎಷ್ಟೋ ವಸ್ತುಗಳು ಅಲ್ಲಿನ ಕಪಾಟಿನಲ್ಲಿ ಬೇರೆ ವಿವರಣೆಯಡಿ ದಾಖಲಾಗಿ ಕುಳಿತಿರುತ್ತವೆ. ನೀವು ‘ಬೂದು’ ಎಂದದ್ದು ಅವರ ಪುಸ್ತಕದಲ್ಲಿ ‘ಕಪ್ಪು’ ಎಂದಿರಬಹುದು.

ಬಂಧುಗಳ ಗುಂಪಿಗೆ ಆಗಲೇ ಹೋದ ಫೋಟೋದ ವಿಷಯ ಉಳಿಯಿತು. ಅಳಿಸಿ ಸುಮ್ಮನಾಗಬೇಡಿ. ಮನೋವಿಜ್ಞಾನಿಗಳಾದ ಹೋಲಿನ್ ಜಾನ್ಸನ್ ಮತ್ತು ಕಾಲೀನ್ ಸೈಫರ್ಟ್ 1994ರಲ್ಲಿ ತೋರಿಸಿದ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಗೋದಾಮಿಗೆ ಬೆಂಕಿ ಬಿದ್ದ ಕತೆಯನ್ನು ಓದಿಸಿ, ಮೊದಲು ಹೇಳಿದ ಕಾರಣ ತಪ್ಪು ಎಂದು ನಡುವೆ ತಿದ್ದಿದರೂ ಓದಿದವರು ಆ ತಪ್ಪು ಕಾರಣವನ್ನೇ ಹಿಡಿದುಕೊಂಡು ಉತ್ತರ ಕೊಡುತ್ತಿದ್ದರು. ಅದರ ಜಾಗದಲ್ಲಿ ಇನ್ನೊಂದು ಕಾರಣವನ್ನು ಒದಗಿಸಿದಾಗ ಮಾತ್ರ ಹಿಡಿತ ಸಡಿಲವಾಯಿತು. ಆದ್ದರಿಂದ ಗುಂಪಿನಲ್ಲಿ ಹೀಗೆ ಬರೆಯಿರಿ: ‘ನಾನು ಹಾಕಿದ್ದ ಫೋಟೋ ತೆಗೆದಿದ್ದೇನೆ. ಅವರು ಬ್ಯಾಗ್ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ನಾವು ಎದ್ದು ಹೋದ ಮೇಲೆ ಬೇರೆ ಯಾರೋ ಒಯ್ದಿರಬಹುದು, ಬ್ಯಾಗ್ ಅದಲುಬದಲಾಗಿರಲೂಬಹುದು. ನಿಮ್ಮಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಅಲ್ಲಿಗೂ ಇದನ್ನೇ ಕಳಿಸಿ, ಯಾರಿಗೆ ಕಳಿಸಿದ್ದೀರಿ ಎಂದು ನನಗೆ ತಿಳಿಸಿ.’ ಕೊನೆಯ ವಾಕ್ಯ ಕೇಳಲು ಮುಜುಗರ, ಆದರೂ ಕೇಳಿ. ನಾಲ್ಕು ದಿನಕ್ಕೆ ಅದು ಎಲ್ಲಿಯವರೆಗೆ ಹೋಗಿದೆ ಎಂದು ಈಗ ಹುಡುಕಬಹುದು, ನಾಲ್ಕು ತಿಂಗಳ ಮೇಲೆ ಆಗದು.

ಆದರೆ ನಿಮ್ಮ ಫೋನಿನಲ್ಲಿರುವ ಮೂಲ ಫೋಟೋವನ್ನು ಅಳಿಸಲೇಬೇಡಿ. ಅದು ತನಿಖೆಗೆ ಬೇಕಾದ ವಸ್ತು: ನೀವು ಎಲ್ಲಿ ಕುಳಿತಿದ್ದಿರಿ, ಬ್ಯಾಗ್ ಎಲ್ಲಿತ್ತು, ಸುತ್ತ ಇನ್ನೂ ಯಾರು ಯಾರು ಇದ್ದರು ಎಂಬುದೆಲ್ಲ ಅದರಲ್ಲಿದೆ. ಆ ವ್ಯಕ್ತಿಯ ಮುಖವನ್ನಷ್ಟೇ ಕತ್ತರಿಸಿ ಕೊಡುವ ಬದಲು ಇಡೀ ಚಿತ್ರವನ್ನು ತನಿಖಾಧಿಕಾರಿಗೆ ಕೊಡಿ, ಅದನ್ನೂ ವಾಟ್ಸ್ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸದೆ ಮೂಲ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ನಿಖರ ಸಮಯದ ಮಾಹಿತಿಯೂ ಬಿದ್ದುಹೋಗುತ್ತದೆ. ಆ ಸಮಯವನ್ನು ಸಿಸಿಟಿವಿ ದೃಶ್ಯದ ಪಕ್ಕ ಇಟ್ಟು ನೋಡಿದರೆ, ಬ್ಯಾಗ್ ಎದ್ದು ಹೋದಾಗ ಅವರು ಇನ್ನೂ ಆ ಕುರ್ಚಿಯಲ್ಲಿದ್ದರೋ, ಅಷ್ಟರಲ್ಲಿ ರೈಲು ಹತ್ತಿದ್ದರೋ ಎಂಬುದು ತಿಳಿಯುತ್ತದೆ.